ಬಿಚ್ಚಿ ತಂದ ಮೋಟಾರು: ಒಂದು ಸುಂಕನಿಯಮದ ವಿಮರ್ಶೆ

ವಿಮರ್ಶೆಯೆಂದೊಡನೆ ಕಾವ್ಯ ನಾಟಕ ಕಾದಂಬರಿಗಳನ್ನೇ ನೆನೆಯುವುದು ನಮ್ಮಲ್ಲಿ ರೂಢಿಯಾಗಿ ಬಂದಿದ್ದರೂ, ಕೋಟ್ಯಂತರ ರೂಪಾಯಿಗಳ ವ್ಯವಹಾರವನ್ನು ಒಂದೆರಡು ವಾಕ್ಯಗಳಲ್ಲಿ ಕಟ್ಟಿಹಾಕುವ ಕಾನೂನಿನ ಗದ್ಯವೂ ಪರೀಕ್ಷೆಗೆ ಯೋಗ್ಯವಾದ ಕೃತಿಯೇ ಸರಿ. ಬಿಚ್ಚಿದ ಸ್ಥಿತಿಯಲ್ಲಿ ಪರದೇಶದಿಂದ ಬರುವ ಮೋಟಾರು ವಾಹನಗಳಿಗೆ ಸುಂಕ ಗೊತ್ತುಮಾಡುವ ನಿಯಮಗಳನ್ನು ಈ ದೃಷ್ಟಿಯಿಂದ ಓದಿದರೆ ಅಲ್ಲಿ ಎರಡು ಕೈಗಳ ಬರವಣಿಗೆ ಕಾಣುತ್ತದೆ. ಒಂದು ಕೈ ವಸ್ತುವಿನ ಸ್ವರೂಪವನ್ನು ಕುರಿತು ಚಿಂತಿಸಿದವರದು. ಇನ್ನೊಂದು ಬೊಕ್ಕಸಕ್ಕೂ ಕಾರ್ಖಾನೆಗೂ ನಡುವೆ ಚೌಕಾಸಿಗೆ ಕುಳಿತವರದು. ಮೊದಲನೆಯದು ಪ್ರೌಢವಾದ ರಚನೆ. ಎರಡನೆಯದು ಬಯಸುವುದೊಂದು, ಅಳೆಯುವುದೊಂದು.

1975ರ ಕಸ್ಟಮ್ಸ್ ಟ್ಯಾರಿಫ್ ಕಾಯಿದೆಯ ಮೊದಲನೆಯ ಅನುಸೂಚಿಯ ಬಾಗಿಲಲ್ಲಿಯೇ ಅರ್ಥನಿರ್ಣಯದ ಸಾಮಾನ್ಯ ಸೂತ್ರಗಳು ನಿಂತಿವೆ. ಅವುಗಳಲ್ಲಿ ಎರಡನೆಯ ಸೂತ್ರದ ಮೊದಲ ಭಾಗವು ಹೇಳುವುದಿಷ್ಟು: ವಸ್ತುವೊಂದು ಅಪೂರ್ಣವಾಗಿದ್ದರೂ, ಸುಂಕದ ಕಟ್ಟೆಯ ಮುಂದೆ ಬಂದ ಸ್ಥಿತಿಯಲ್ಲಿ ಪೂರ್ಣವಸ್ತುವಿನ ಮೂಲಲಕ್ಷಣ ಅದರಲ್ಲಿದ್ದರೆ ಅದನ್ನು ಪೂರ್ಣವಸ್ತುವೆಂದೇ ಎಣಿಸತಕ್ಕದ್ದು, ಜೋಡಿಸದೆಯೋ ಬಿಚ್ಚಿಯೋ ತಂದ ಮಾತ್ರಕ್ಕೆ ಅದು ಬೇರೊಂದು ವಸ್ತುವಾಗಲಾರದು. ಈ ಸೂತ್ರವು ಜಗತ್ತಿನ ಬಹುಪಾಲು ದೇಶಗಳಿಗೆ ಸಮಾನವಾದದ್ದು. ಮೂಲಲಕ್ಷಣವೆಂದರೇನೆಂಬುದನ್ನು ಸೂತ್ರಕಾರರು ಬಿಡಿಸಿ ಹೇಳಲಿಲ್ಲವೆಂದು ಕೆಲವರು ಆಕ್ಷೇಪಿಸುವುದುಂಟು. ನನಗಾದರೋ ಆ ಮೌನದಲ್ಲಿಯೇ ಅದರ ವಿವೇಕ ಕಾಣುತ್ತದೆ. ನಮ್ಮ ಪುರ್ತಗೇರಿಯಂತಹ ಊರಿನಲ್ಲಿ ಮುಂಗಾರಿಗೆ ಮುನ್ನ ಮೇಸ್ತ್ರಿಯು ಟ್ರ್ಯಾಕ್ಟರಿನ ಎಂಜಿನ್ ಇಳಿಸಿ, ತಾಡಪತ್ರಿಯ ಮೇಲೆ ಹೆಡ್ಡು, ಪಿಸ್ಟನ್ನು, ಕ್ರ್ಯಾಂಕುಗಳನ್ನು ಸಾಲಾಗಿ ಹರವಿ, ನಟ್ಟು ಬೋಲ್ಟುಗಳನ್ನು ಡೀಸೆಲ್ ತುಂಬಿದ ಡಬ್ಬಿಯಲ್ಲಿ ನೆನೆಹಾಕಿ ಕುಳಿತಿರುವಾಗ, ದಾರಿಯಲ್ಲಿ ಹೋಗುವವನು “ಯಾರ ಟ್ಯಾಕ್ಟರ್ ಬಿಚ್ಚೀರಪಾ?” ಎಂದು ಕೇಳುತ್ತಾನಲ್ಲದೆ ಆ ಸಾಮಾನು ಏನೆಂದು ಕೇಳುವುದಿಲ್ಲ. ಆದರೆ ಅದೇ ಪಿಸ್ಟನ್ನನ್ನು ಗಜೇಂದ್ರಗಡದ ಅಂಗಡಿಯ ಗಾಜಿನ ಕಪಾಟಿನಲ್ಲಿ ಕಂಡರೆ ಅವನಿಗೆ ಅದು ಬರಿಯ ಬಿಡಿಭಾಗ. ಈ ಲೋಕಜ್ಞಾನವನ್ನೇ ಆ ಸೂತ್ರವು ಶಾಸ್ತ್ರದ ಭಾಷೆಗೆ ತಂದಿದೆ.

ಎರಡನೆಯ ಕೈಯ ಬರಹವು, 2025ರವರೆಗೆ, 2017ರ 50ನೆಯ ಸಂಖ್ಯೆಯ ಕಸ್ಟಮ್ಸ್ ಅಧಿಸೂಚನೆಯಲ್ಲಿತ್ತು. ಇದು ಸಿಕೆಡಿ, ಎಂದರೆ ಪೂರ್ತಿ ಬಿಚ್ಚಿದ, ಕಿಟ್ಟು ಎಂಬ ಪದಾರ್ಥವನ್ನು ಕಲ್ಪಿಸಿ ಅದಕ್ಕೆ ರಿಯಾಯಿತಿ ಕೊಟ್ಟಿತು. ಕಾರೊಂದನ್ನು ಜೋಡಿಸಲು ಬೇಕಾದ ಭಾಗಗಳೆಲ್ಲವೂ ಬಂದು, ಎಂಜಿನ್, ಗೇರ್‌ಬಾಕ್ಸ್ ಮೊದಲಾದವು ಒಳಗೇ ಜೋಡಣೆಯಾಗದೆ ಬಿಡಿಯಾಗಿದ್ದರೆ ಸುಂಕ ಶೇಕಡಾ 15. ಅವು ಸಿದ್ಧವಾಗಿ ಜೋಡಣೆಗೊಂಡು, ಚಾಸಿಯ ಮೇಲೆ ಮಾತ್ರ ಕೂಡಿರದಿದ್ದರೆ, 2023ರ ಬಜೆಟ್ಟಿನಿಂದೀಚೆಗೆ, ಶೇಕಡಾ 35. ಪೂರ್ತಿ ಕಟ್ಟಿಯೇ ತಂದರೆ ಅದೇ ಬಜೆಟ್ಟಿನ ಪ್ರಕಾರ ಸಾಧಾರಣ ಬೆಲೆಯ ಕಾರಿಗೂ 70. ಈ ಮೆಟ್ಟಿಲುಗಳು ಯಾವುದೋ ತತ್ತ್ವದಿಂದ ಹುಟ್ಟಿದವಲ್ಲ. 2011ರ ಬಜೆಟ್ಟು ಸಿದ್ಧ ಎಂಜಿನ್ ಇರುವ ಕಿಟ್ಟನ್ನು ರಿಯಾಯಿತಿಯಿಂದ ಹೊರಗಿಟ್ಟಾಗ ಕಾರು ಕಂಪನಿಗಳು ಗೋಳಿಟ್ಟವು. ಕೆಲವೇ ವಾರಗಳಲ್ಲಿ ನಡುವಿನ ಮೆಟ್ಟಿಲೊಂದು, ಆಗ ಶೇಕಡಾ 30ರದು, ಏರ್ಪಟ್ಟಿತು. ಮೂಲಸೂತ್ರವು ಬಿಚ್ಚುವಿಕೆಗೆ ಯಾವ ಬೆಲೆಯನ್ನೂ ಕೊಡದಿದ್ದರೆ, ಅಧಿಸೂಚನೆಯು ಬಿಚ್ಚುವಿಕೆಗೇ ಬಹುಮಾನ ಕಟ್ಟಿತು.

ಈ ಬಹುಮಾನದ ಹಿಂದಿರುವ, ಕಾರು ಇಲ್ಲಿಯೇ ತಯಾರಾಗಲೆಂಬ ಆಸೆ ಹಳೆಯದು, ಕ್ಷುಲ್ಲಕವಾದದ್ದೂ ಅಲ್ಲ. 1928ರಲ್ಲಿಯೇ ಜನರಲ್ ಮೋಟಾರ್ಸ್ ಸಂಸ್ಥೆಯು ಮುಂಬಯಿಯಲ್ಲಿ ಪೆಟ್ಟಿಗೆಗಳಲ್ಲಿ ಬಂದ ಕಾರುಗಳನ್ನು ಜೋಡಿಸಲು ತೊಡಗಿತ್ತು. ಆ ಬಗೆಯ ಜೋಡಣೆಯಿಂದ ದೇಶಕ್ಕೆ ಯಂತ್ರವಿದ್ಯೆ ಬಾರದೆಂದು ಬಲ್ಲ ಸರ್ ಎಂ. ವಿಶ್ವೇಶ್ವರಯ್ಯನವರು, 1935ರಲ್ಲಿ ಯುರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಸುತ್ತಿ ನೋಡಿ ಬಂದು, ಉದ್ಯಮಿ ವಾಲ್‌ಚಂದ್ ಹೀರಾಚಂದರೊಡಗೂಡಿ ಸ್ವದೇಶಿ ಮೋಟಾರು ಕಾರ್ಖಾನೆಯ ಯೋಜನೆಯನ್ನು ಮುಂದಿಟ್ಟರು. ಮೈಸೂರು ಸಂಸ್ಥಾನದಲ್ಲಿ ಅದಕ್ಕೆ ಒಲವಿದ್ದರೂ ಬ್ರಿಟಿಷ್ ಸರಕಾರದ ಬೆಂಬಲ ದೊರೆಯಲಿಲ್ಲ. ಆ ಕಾರ್ಖಾನೆಗೆ ಬದಲಾಗಿ ಬೆಂಗಳೂರಿಗೆ ದಕ್ಕಿದ್ದು 1940ರ ಡಿಸೆಂಬರಿನಲ್ಲಿ ಹುಟ್ಟಿದ ಹಿಂದುಸ್ತಾನ್ ಏರ್‌ಕ್ರಾಫ್ಟ್. ಅಲ್ಲಿಯೂ 1941ರಲ್ಲಿ ಮೊದಲು ಹೊರಬಂದ ಹಾರ್ಲೋ ತರಬೇತಿ ವಿಮಾನವು ಅಮೆರಿಕದಿಂದ ಬಂದ ಭಾಗಗಳನ್ನು ಜೋಡಿಸಿದ್ದೇ ಆಗಿತ್ತು. ಜೋಡಣೆಯು ಕಲಿಕೆಯ ಮೊದಲ ಮೆಟ್ಟಿಲಾಗಬಲ್ಲದೆಂಬುದಕ್ಕೆ ಆ ಕಾರ್ಖಾನೆಯ ಮುಂದಿನ ಚರಿತ್ರೆಯೇ ಸಾಕ್ಷಿ. ಅದೇ ಮೆಟ್ಟಿಲ ಮೇಲೆ ಶಾಶ್ವತವಾಗಿ ಕುಳಿತುಬಿಡಬಹುದೆಂಬುದಕ್ಕೂ ಸಾಕ್ಷಿಗಳಿಗೆ ಕೊರತೆಯಿಲ್ಲ. 1953ರಲ್ಲಿ ಟ್ಯಾರಿಫ್ ಕಮಿಷನ್ನು, ಇಲ್ಲಿಯೇ ತಯಾರಿಸುವ ಕ್ರಮಬದ್ಧ ಯೋಜನೆಯುಳ್ಳವರು ಮಾತ್ರ ಉಳಿಯಲೆಂದು ಶಿಫಾರಸು ಮಾಡಿದಾಗ, ಕೇವಲ ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್, ಫೋರ್ಡ್‌ಗಳು ಗಂಟುಮೂಟೆ ಕಟ್ಟಿದುವು. ಆ ನೀತಿ ಕಠೋರವಾಗಿತ್ತು. ಗಿರಾಕಿಗಳು ಕಾರಿಗಾಗಿ ವರ್ಷಗಟ್ಟಲೆ ಕಾಯುವ ಕಾಲಕ್ಕೂ ಅದು ದಾರಿಮಾಡಿತು. ಆದರೆ ಅದು ಕೇಳಿದ ಪ್ರಶ್ನೆ ಸರಿಯಾದದ್ದಾಗಿತ್ತು: ನೀವು ಇಲ್ಲಿ ಏನನ್ನು ಮಾಡುತ್ತೀರಿ? 2017ರ ಅಧಿಸೂಚನೆ ಕೇಳಿದ್ದು ಪೆಟ್ಟಿಗೆಯೊಳಗೆ ಏನು ಹೇಗಿದೆ ಎಂಬುದನ್ನು ಮಾತ್ರ. ಕಿಟ್ಟು ತರಿಸುವ ಕಂಪನಿ ಹತ್ತು ವರ್ಷ ಕಳೆದರೂ ಸ್ಕ್ರೂಡ್ರೈವರನ್ನು ಕೆಳಗಿಡದಿದ್ದರೆ ಆಕ್ಷೇಪಿಸುವ ಒಂದು ಮಾತೂ ಅದರಲ್ಲಿರಲಿಲ್ಲ.

ನ್ಯಾಯಾಲಯಗಳ ಅನುಭವವನ್ನೂ ಇಲ್ಲಿ ನೋಡಬೇಕು. 1956ರ ಜುಲೈ ತಿಂಗಳ ಲೈಸೆನ್ಸಿನ ಮೇಲೆ ತಾರಾಚಂದ್ ಗುಪ್ತ ಎಂಬ ವ್ಯಾಪಾರ ಸಂಸ್ಥೆಯು ಮೋಟಾರ್‌ಸೈಕಲ್ಲು ಸ್ಕೂಟರುಗಳ ಬಿಡಿಭಾಗಗಳನ್ನು ಮುಂಬಯಿಗೆ ತರಿಸಿತು. ಸುಂಕದ ಅಧಿಕಾರಿಗಳು ಬೇರೆ ಬೇರೆಯಾಗಿ ಬಂದ ಎರಡು ಸರಕುಗಳನ್ನು ಕೂಡಿಸಿ ನೋಡಿ, ಇವು ಬಿಡಿಭಾಗಗಳಲ್ಲ, ಬಿಚ್ಚಿದ 51 ರಿಕ್ಸೆ ಮೊಪೆಡ್ಡುಗಳೆಂದು ನಿರ್ಣಯಿಸಿದರು. ಟಯರು, ಟ್ಯೂಬು, ಸೀಟುಗಳು ಅದರಲ್ಲಿ ಇರಲಿಲ್ಲವೆಂಬುದು ಅವರಿಗೆ ಅಡ್ಡಿಯಾಗಲಿಲ್ಲ. 1971ರಲ್ಲಿ ಸುಪ್ರೀಂ ಕೋರ್ಟು ಈ ನಿರ್ಣಯವನ್ನು ಒಪ್ಪಲಿಲ್ಲ: ಬಿಡಿಭಾಗಗಳಿಗೆ ಲೈಸೆನ್ಸು ಇದ್ದು ಬಂದ ಸರಕು ಬಿಡಿಭಾಗಗಳ ವರ್ಣನೆಗೆ ಸರಿಹೊಂದಿದರೆ, ಅವನ್ನು ಮನಸ್ಸಿನಲ್ಲಿ ಕೂಡಿಸಿ ಬೇರೊಂದು ವಸ್ತುವನ್ನು ಕಲ್ಪಿಸಿಕೊಳ್ಳುವ ಅಧಿಕಾರ ಸುಂಕದ ಕಲೆಕ್ಟರಿಗಿಲ್ಲ. ಅದು ಆಮದು ಲೈಸೆನ್ಸಿನ ಕಾಲದ ತೀರ್ಪು, ಇಂದಿನ ಸೂತ್ರವನ್ನು ಅದು ನೇರವಾಗಿ ಅರ್ಥೈಸಿದ್ದಲ್ಲ ನಿಜ. ಆದರೂ ವಾದಿಯ ಗುಮಾಸ್ತನು ಅದನ್ನು ಈಗಲೂ ಕಂಕುಳಲ್ಲಿಟ್ಟುಕೊಂಡೇ ಬರುತ್ತಾನೆ.

ಅಂದಿನ 51 ಮೊಪೆಡ್ಡುಗಳ ಜಗಳವೇ ಇಂದು ರಾಕ್ಷಸಾಕಾರ ತಾಳಿದೆ. 2024ರ ಸೆಪ್ಟೆಂಬರಿನಲ್ಲಿ ಸ್ಕೋಡಾ ಆಟೊ ಫೋಕ್ಸ್‌ವ್ಯಾಗನ್ ಇಂಡಿಯಾ ಸಂಸ್ಥೆಗೆ ಸುಮಾರು 140 ಕೋಟಿ ಡಾಲರುಗಳ ಸುಂಕದ ನೋಟಿಸು ಬಂದಿತು. ಕಾರಿನ ಭಾಗಗಳೆಲ್ಲವನ್ನೂ ಬೇರೆ ಬೇರೆ ಸರಕುಗಳಲ್ಲಿ ಹಂಚಿ ತಂದು, ಕಿಟ್ಟಿನ ದರ ತಪ್ಪಿಸಿ, ಬಿಡಿಭಾಗದ ಕಡಮೆ ದರ ಕಟ್ಟಿದರೆಂಬುದು ಇಲಾಖೆಯ ಆರೋಪ; ತಾವು ನಿಯಮದಂತೆಯೇ ನಡೆದೆವೆಂದು ಸಂಸ್ಥೆಯು ಮುಂಬಯಿ ಹೈಕೋರ್ಟಿನ ಮೆಟ್ಟಿಲೇರಿತು. ಯಾರು ಸರಿಯೆಂದು ಹೇಳುವುದು ನ್ಯಾಯಾಧೀಶರ ಕೆಲಸ. ವಿಮರ್ಶಕನು ಹೇಳಬಹುದಾದುದೇನೆಂದರೆ, ಒಂದೇ ಬೋಲ್ಟು ಯಾವ ಪೆಟ್ಟಿಗೆಯಲ್ಲಿ, ಯಾವ ವಾರ ಬಂದಿತೆಂಬುದರ ಮೇಲೆ ಸುಂಕದ ದರವೇ ಬದಲಾಗುವ ಬರವಣಿಗೆಯು ಇಂತಹ ವ್ಯಾಜ್ಯವನ್ನು ತಾನೇ ಕೈಬೀಸಿ ಕರೆಯುತ್ತದೆ. ಚೀನವು ಈ ತೊಡಕನ್ನು ಬೇರೆ ದಾರಿಯಿಂದ ಬಿಡಿಸಹೊರಟು, ಒಳಗೆ ಬಂದು ಜೋಡಣೆಯಾದ ಭಾಗಗಳಿಗೂ ಪೂರ್ಣ ಕಾರಿನ ದರವನ್ನು ಹಾಕಿ, 2008ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಸೋತಿತು.

ವಿದ್ಯುತ್ ವಾಹನಗಳು ಬಂದ ಮೇಲಂತೂ ಈ ಗದ್ಯದ ಹೊಲಿಗೆ ಬಿಚ್ಚತೊಡಗಿದೆ. ಎಂಜಿನ್ನು ಗೇರ್‌ಬಾಕ್ಸುಗಳನ್ನೇ ನಂಬಿ ಬರೆದ ವಾಕ್ಯಕ್ಕೆ ಅವೆರಡೂ ಇಲ್ಲದ ಕಾರು ಎದುರಾದಾಗ, ಬ್ಯಾಟರಿ ಪ್ಯಾಕು, ಮೋಟಾರು, ಕಂಟ್ರೋಲರು, ಚಾರ್ಜರು ಎಂದು ಮುಂತಾಗಿ ಹೊಸ ಪಟ್ಟಿಯನ್ನು ಬರೆಯಬೇಕಾಯಿತು. ಅಲ್ಲಿ ಭಾಗವೊಂದು ತನ್ನೊಳಗೆ ಜೋಡಣೆಯಾಗಿದ್ದರೆ ದೋಷವಿಲ್ಲ. ಒಂದಕ್ಕೊಂದು ತಗುಲಿಸಿದ್ದರೆ ದೋಷ. ಡೀಸೆಲ್ ಕಾರಿಗೆ ಅಪರಾಧವಾದುದು ವಿದ್ಯುತ್ ಕಾರಿಗೆ ಅಪರಾಧವಲ್ಲ. ಇದಕ್ಕಿಂತ ಮೇಲಾಗಿ ತೋರುವುದು 2024ರ ಮಾರ್ಚಿನ ವಿದ್ಯುತ್ ಕಾರುಗಳ ಯೋಜನೆ. ಅದು 4,150 ಕೋಟಿ ರೂಪಾಯಿ ಹೂಡಬೇಕೆಂದೂ, ಮೂರು ವರ್ಷಗಳಲ್ಲಿ ಶೇಕಡಾ 25, ಐದು ವರ್ಷಗಳಲ್ಲಿ ಶೇಕಡಾ 50ರಷ್ಟು ಮೌಲ್ಯ ದೇಶದೊಳಗೇ ಸೇರಬೇಕೆಂದೂ ಕರಾರು ಹಾಕುತ್ತದೆ. ಎಂದರೆ 1953ರ ಪ್ರಶ್ನೆಯನ್ನು ಮತ್ತೆ, ಮೆಲುದನಿಯಲ್ಲಿ, ಕೇಳುತ್ತದೆ. ಆ ಕರಾರಿಗೆ ಒಪ್ಪಿದವರಿಗೆ, 35,000 ಡಾಲರು ಮತ್ತು ಮೇಲ್ಪಟ್ಟ ಬೆಲೆಯ, ಪೂರ್ತಿ ಕಟ್ಟಿದ ವಿದ್ಯುತ್ ಕಾರನ್ನು ವರ್ಷಕ್ಕೆ 8,000ದ ಮಿತಿಯಲ್ಲಿ ತರಲು ಗೊತ್ತುಮಾಡಿದ ಸುಂಕ ಶೇಕಡಾ 15. ಯಾವ ಕರಾರೂ ಇಲ್ಲದೆ ಬಿಚ್ಚಿ ತಂದ ಕಾರಿಗೂ ಅಷ್ಟೇ.