ಥರ್ಟಿ-ಫಾರ್ಟಿ ಘರಾಣೆ

ಬ್ಯಾಸ್ಕೆಟ್‌ಬಾಲ್ ಅಂಕಣದ ಉದ್ದ 28 ಮೀಟರ್, ಅಗಲ 15 ಮೀಟರ್. ಸುತ್ತಲೂ ಎರಡೆರಡು ಮೀಟರ್ ಬಿಟ್ಟುಕೊಂಡರೆ ಆರೂವರೆ ಸಾವಿರ ಚದರಡಿ. ರಾಜಾಜಿನಗರ, ವಿಜಯನಗರದ ಜನ ಜಾಗವನ್ನು ಮೀಟರಿನಲ್ಲಿ ಅಳೆಯುವವರಲ್ಲ. ಅವರ ಮೂಲಮಾನ ‘ಥರ್ಟಿ-ಫಾರ್ಟಿ’, ಅಂದರೆ ಮೂವತ್ತು ಅಡಿಗೆ ನಲವತ್ತಡಿಯ ಸೈಟು. ಆ ಲೆಕ್ಕಕ್ಕೆ ಒಂದು ಅಂಕಣ ಐದೂವರೆ ಸೈಟು. ಮಗಳ ಮದುವೆಯ ಸಾಲ, ಅಣ್ಣತಮ್ಮಂದಿರ ಭಾಗದ ಜಗಳ, ನಿವೃತ್ತಿಯ ನಂತರದ ಬಾಡಿಗೆ ಎಲ್ಲವೂ ಸೈಟಿನ ಮೇಲೆಯೇ ನಿಂತಿರುವ ಊರಲ್ಲಿ ಐದೂವರೆ ಸೈಟನ್ನು ಚೆಂಡು ಪುಟಿಸಲೆಂದು ಖಾಲಿ ಬಿಟ್ಟಿದ್ದಾರೆ. ಅದನ್ನು ಸುಮ್ಮನೆ ದಾಟಿ ಹೋಗುವಂತಿಲ್ಲ.

ಪಶ್ಚಿಮ ಬೆಂಗಳೂರಿನ ಮನೆ ಕಟ್ಟುವ ರೀತಿ, ಅಲ್ಲಿನ ಹುಡುಗರ ಕಿವಿಯಲ್ಲಿರುವ ಕನ್ನಡ ರ‍್ಯಾಪ್, ಅಲ್ಲಿನ ಬ್ಯಾಸ್ಕೆಟ್‌ಬಾಲ್ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡುವುದು ನನ್ನ ಉದ್ದೇಶ. ಅಮೆರಿಕದಲ್ಲಿ ಇಂಥ ನೋಟ ಹೊಸದಲ್ಲ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಜ್‌ವಿಕ್ ಅವೆನ್ಯೂದ 1520ನೇ ನಂಬರಿನ ವಸತಿ ಕಟ್ಟಡದೊಳಗೆ ಸಿಂಡಿ ಕ್ಯಾಂಪ್‌ಬೆಲ್ ಏರ್ಪಡಿಸಿ, ಅವಳ ಅಣ್ಣ ಕೂಲ್ ಹರ್ಕ್ ಹಾಡು ಹಾಕಿದ ಪಾರ್ಟಿಯನ್ನೇ ಹಿಪ್‌ಹಾಪ್‌ನ ಹುಟ್ಟು ಎನ್ನುತ್ತಾರೆ. ರಾಬರ್ಟ್ ಮೋಸೆಸ್ ಹಾಕಿಸಿದ ಕ್ರಾಸ್-ಬ್ರಾಂಕ್ಸ್ ಹೆದ್ದಾರಿ ಆ ಭಾಗದ ಬಡಾವಣೆಗಳನ್ನು ಆಗಲೇ ಸೀಳಿಹಾಕಿತ್ತು. ಅಂಥ ಯೋಜನೆಗಳ, ಸರ್ಕಾರಿ ವಸತಿ ಗೋಪುರಗಳ ನಡುವೆ ಬದುಕಿದವರು ಆ ಕಟ್ಟಡಗಳಿಗೆ ಬರೆದ ವಿಮರ್ಶೆಯೇ ಹಿಪ್‌ಹಾಪ್ ಎಂಬುದು ವಾಸ್ತುಶಿಲ್ಪಿ ಮೈಕೆಲ್ ಫೋರ್ಡ್ ವಾದ. ಸೆಕು ಕುಕ್ 2021ರಲ್ಲಿ ‘ಹಿಪ್-ಹಾಪ್ ಆರ್ಕಿಟೆಕ್ಚರ್’ ಎಂದು ಪುಸ್ತಕವನ್ನೇ ಬರೆದರು. ಇನ್ನು ಹಾರ್ಲೆಮ್‌ನ ರಕರ್ ಪಾರ್ಕಿನಲ್ಲಿ ರ‍್ಯಾಪೂ ಬ್ಯಾಸ್ಕೆಟ್‌ಬಾಲೂ ಒಂದೇ ಬೇಲಿಯೊಳಗೆ ಬೆಳೆದವು.

ಈ ವಾದವನ್ನು ಎತ್ತಿಕೊಂಡು ಬಂದು ಬಸವೇಶ್ವರನಗರದಲ್ಲಿ ಇಳಿಸಿದರೆ ನಿಲ್ಲುವುದಿಲ್ಲ. ಇಲ್ಲಿ ಮುಗಿಲೆತ್ತರದ ಸರ್ಕಾರಿ ವಸತಿ ಗೋಪುರಗಳಿರಲಿಲ್ಲ. 1945ರಲ್ಲಿ ಹುಟ್ಟಿದ ಸಿಐಟಿಬಿ, ಅಂದರೆ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ, ಹಳ್ಳಿಗಳ ಹೊಲಗದ್ದೆ ಹಿಡಿದು ಚೌಕಳಿ ಎಳೆಯಿತು. 1949ರಲ್ಲಿ ರಾಜಾಜಿ ಹೆಸರಿನ ಬಡಾವಣೆ ಬಂತು, ಅದಕ್ಕೆ ಅಂಟಿಕೊಂಡು ಕೈಗಾರಿಕಾ ವಸಾಹತು ಬಂತು. ಆಮೇಲೆ ವಿಜಯನಗರ, 1976ರಲ್ಲಿ ಸಿಐಟಿಬಿ ಹೋಗಿ ಬಿಡಿಎ ಆಯಿತು, ಚೌಕಳಿ ಮಾತ್ರ ಪಶ್ಚಿಮಕ್ಕೆ ಹರಿಯುತ್ತ ಕೆಂಗೇರಿ ಮುಟ್ಟಿತು. ಕಾರ್ಖಾನೆಯ ನೌಕರ, ಮೇಷ್ಟ್ರು, ಗುಮಾಸ್ತ, ಮಾಗಡಿ-ಕುಣಿಗಲ್-ಮಂಡ್ಯ ಕಡೆಯಿಂದ ಬಂದ ರೈತನ ಮಗ ಇಲ್ಲಿ ಸೈಟುದಾರರಾದರು. ಚೌಕಳಿಯ ನಡುವೆ ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆಗಳ ಹಳೆಯ ಊರು ಹಾಗೇ ಉಳಿಯಿತು. ಕ್ರಾಸು-ಮೇನುಗಳಲ್ಲಿ ಸಾಗುತ್ತಿರುವ ದಾರಿ ಇದ್ದಕ್ಕಿದ್ದಂತೆ ಸೊಟ್ಟಗಾಗಿ, ಎರಡು ಸ್ಕೂಟರ್ ಎದುರಾದರೆ ಒಂದು ಹಿಂದೆ ಸರಿಯಬೇಕಾದಷ್ಟು ಕಿರಿದಾದರೆ, ನೀವು ಹಳ್ಳಿಯೊಳಗೆ ಕಾಲಿಟ್ಟಿರಿ ಎಂದು ತಿಳಿಯಬೇಕು. ರ‍್ಯಾಪಿನವರು ‘ಗಲ್ಲಿ’ ಎನ್ನುವ ಜಾಗ ನಿಜಕ್ಕೂ ಇರುವುದು ಅಲ್ಲಿ. ಉಳಿದದ್ದೆಲ್ಲ ಕ್ರಾಸು.

ಈ ಮನೆಗಳ ಹಿಂದೆ ವಾಸ್ತುಶಿಲ್ಪಿಯ ಹೆಸರು ಹುಡುಕಬೇಡಿ. ಮೇಸ್ತ್ರಿ, ವಾಸ್ತು ಹೇಳುವವನು, ಗ್ರಿಲ್ ಬೆಸೆಯುವ ವೆಲ್ಡರು, ಬ್ಯಾಂಕಿನ ಸಾಲ ಈ ನಾಲ್ವರು ಸೇರಿ ಕಟ್ಟಿದ ಸಂಪ್ರದಾಯವಿದು. ಸಂಗೀತದ ಘರಾಣೆಯಂತೆ ಇದಕ್ಕೂ ತಲೆಮಾರುಗಳಿವೆ. ಮೊದಲನೆಯದು ಒಂದಂತಸ್ತಿನ ಮನೆ: ಸಿಮೆಂಟಿನ ಸಜ್ಜೆ, ರೆಡ್ ಆಕ್ಸೈಡ್ ನೆಲ, ಎದುರಿಗೆ ದಾಸವಾಳ, ಮೊಣಕಾಲೆತ್ತರದ ಕಾಂಪೌಂಡು. ಚೆಲುವಾಗಿತ್ತು, ಆದರೆ ಊರ ಮನೆಯ ನೆನಪಿನಿಂದ ಬಂದ ಚೆಲುವು ಅದು.

ಎರಡನೇ ತಲೆಮಾರು ಈ ಘರಾಣೆಯ ಶ್ರೇಷ್ಠ ಕಾಲ. ಅದರ ದೊಡ್ಡ ಕಲ್ಪನೆ ಹೊರಗಿನ ಮೆಟ್ಟಿಲು. ಮನೆಯ ಪಕ್ಕೆಗೆ ತಗುಲಿಕೊಂಡು ರಸ್ತೆಯಿಂದ ನೇರ ಮೇಲೇರುವ ಆ ಮೆಟ್ಟಿಲು ಒಂದು ಮನೆಯನ್ನು ಮೂರು ಸಂಸಾರ ಮಾಡಿತು. ಕೆಳಗೆ ಓನರು, ಮೇಲೆ ಬಾಡಿಗೆಯವರು, ಅದರ ಮೇಲಿನ ಒಂಟಿ ರೂಮಿನಲ್ಲಿ ಡಿಪ್ಲೊಮಾ ಓದುವ ಹುಡುಗರು. ಜಾತಿ, ಊರು, ಭಾಷೆ ಬೇರೆಯಾದವರು ಒಂದೇ ಸಂಪಿನ ನೀರಿಗೆ ಪಾಲುದಾರರಾದರು. ಬಾಡಿಗೆಗೆ ಕೊಡುವ ಮುನ್ನ ಕೇಳುವ ಪ್ರಶ್ನೆಗಳನ್ನು ನಾನು ಮರೆತಿಲ್ಲ. ಆ ಮೆಟ್ಟಿಲು ಎಲ್ಲರನ್ನೂ ಹತ್ತಿಸಿಕೊಳ್ಳಲಿಲ್ಲ. ಆದರೂ ನಗರಕ್ಕೆ ಹೊಸದಾಗಿ ಬಂದವರಿಗೆ ಯಾವ ವಸತಿ ಯೋಜನೆಯ ನೆರವೂ ಇಲ್ಲದೆ ಅಷ್ಟು ಸೂರು ಒದಗಿಸಿದ್ದು ಈ ಉಪಾಯ. ತಾರಸಿಯ ಮೇಲೆ ಬೋಳಾಗಿ ಬಿಟ್ಟ ಕಂಬಿಗಳೂ ಅಷ್ಟೇ, ಕಂಡವರಿಗೆ ಅರೆಬರೆ ಕೆಲಸ, ಕಟ್ಟಿಸಿದವನಿಗೆ ಮಗನ ಮುಂದಿನ ಮಹಡಿ. ಈ ಘರಾಣೆಯನ್ನು ನೋಡಲು ಒಳ್ಳೆಯ ಗ್ಯಾಲರಿ ಮೆಟ್ರೊದ ನೇರಳೆ ಮಾರ್ಗ. 2015ರಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಗೆ, 2021ರಲ್ಲಿ ಅಲ್ಲಿಂದ ಕೆಂಗೇರಿಗೆ ರೈಲು ಓಡಿದ ಮೇಲೆ, ಟ್ಯಾಂಕು, ಕಂಬಿ, ಒಣಗಿಸಿದ ಬಟ್ಟೆಗಳ ಈ ತಾರಸಿ ನಗರ ಎಲ್ಲರ ಕಣ್ಣಿಗೂ ಸಿಕ್ಕಿತು.

ಮೂರನೇ ತಲೆಮಾರಿನ ಬಗ್ಗೆ ಹೆಚ್ಚು ಹೇಳಲು ಮನಸ್ಸಿಲ್ಲ. ನೆಲದಂತಸ್ತು ಕಾರಿಗೆ, ಮೆಟ್ಟಿಲು ಒಳಗೆ, ಗೇಟು ಆಳೆತ್ತರಕ್ಕೆ, ಮುಂಭಾಗಕ್ಕೆ ಗಾಜು ಮತ್ತು ಅಂಟಿಸಿದ ಕಲ್ಲು. ಬಿಡಬೇಕಾದ ಜಾಗ ಬಿಡದೆ ಕಟ್ಟಿ ಅಕ್ರಮ-ಸಕ್ರಮಕ್ಕೆ ಕಾದು ಕುಳಿತವರಿದ್ದಾರೆ. ಆ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ನನ್ನ ತಕರಾರು ಕಾನೂನಿನದಲ್ಲ. ಹೊರಗಿನ ಮೆಟ್ಟಿಲಿನ ಕೊನೆಯ ಎರಡು ಮೆಟ್ಟಿಲು ಬೀದಿಗೆ ಸೇರಿದ್ದವು. ಅಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು, ಹುಡುಗರು ಹರಟುತ್ತಿದ್ದರು. ಹೊಸ ಮನೆ ಬೀದಿಗೆ ಸಿಸಿಟಿವಿಯ ಕಣ್ಣನ್ನಷ್ಟೇ ಕೊಟ್ಟಿದೆ.

ಕನ್ನಡ ರ‍್ಯಾಪನ್ನೂ ನಾನು ಇದೇ ಅಳತೆಯಲ್ಲಿ ತೂಗುತ್ತೇನೆ: ಬೀದಿಗೆ ಏನು ಕೊಟ್ಟಿತು? ಆಲ್ ಓಕೆ ಎಂದು ಹೆಸರಾದ ಅಲೋಕ್ ಬಾಬು ಮತ್ತು ಗೆಳೆಯರ ‘ಅರ್ಬನ್ ಲ್ಯಾಡ್ಸ್’, ಹಾಸನ ಕಡೆಯಿಂದ ಬಂದು ‘3 ಪೆಗ್’ ಹಾಡಿನಿಂದ ಮನೆಮಾತಾಗಿ 2018ರಲ್ಲಿ ಬಿಗ್ ಬಾಸ್ ಗೆದ್ದ ಚಂದನ್ ಶೆಟ್ಟಿ, ಆಮೇಲೆ ಎಂ.ಸಿ. ಬಿಜ್ಜು, ರಾಹುಲ್ ಡಿಟ್-ಓ, ಗುಬ್ಬಿ ಮುಂತಾದವರು. ಇವರ ಮೊದಲ ಸಾಧನೆ ಕಿವಿಯದು. ‘ಮಗಾ’, ‘ಗುರು’, ‘ಸಿಸ್ಯ’ ಎನ್ನುವ ಬಸ್‌ಸ್ಟ್ಯಾಂಡಿನ ಕನ್ನಡ ಸಿನಿಮಾದಲ್ಲಿ ಹಾಸ್ಯಪಾತ್ರಗಳಿಗೆ ಮೀಸಲಾಗಿತ್ತು, ರ‍್ಯಾಪ್ ಅದನ್ನು ನಾಯಕನ ಭಾಷೆ ಮಾಡಿತು. ಇದೇ ಊರಿನ ಬ್ರೋಧ ವಿ, ಸ್ಮೋಕಿ ದ ಘೋಸ್ಟ್ ಇಂಗ್ಲಿಷಿನಲ್ಲಿ ರ‍್ಯಾಪ್ ಮಾಡಿದವರು. ಅವರ ‘ಮಚ್ಚಾಸ್ ವಿತ್ ಆಟಿಟ್ಯೂಡ್’ ತಂಡದ ಹೆಸರಿಗೂ ಒಂದು ‘ಮಚ್ಚಾ’ ಬೇಕಾಯಿತು.

ಕಿವಿಯ ಕೆಲಸದಲ್ಲೂ ಒಂದು ದೋಷವಿದೆ, ಅದು ಕರಕುಶಲತೆಯದು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಬರ್ತೀನಿ-ಇರ್ತೀನಿ-ಹೊಡಿತೀನಿ ಎಂದು ಅಂತ್ಯಪ್ರಾಸ ಬೇಡವೆಂದರೂ ಒದಗುತ್ತದೆ. ಸುಲಭವಾಗಿ ಸಿಕ್ಕಿದ್ದನ್ನೇ ಸಾಲುಸಾಲಾಗಿ ಬಳಸಿ ಹಾಡು ಬೇಗ ದಣಿಯುತ್ತದೆ. ಕೇಳಿಸಿಕೊಳ್ಳಬೇಕಾದ ಪ್ರಾಸ ಸಾಲಿನ ಒಳಗೆ, ಆರಂಭದಲ್ಲಿ ಇರಬೇಕು. ಎರಡನೇ ಅಕ್ಷರದ ಆದಿಪ್ರಾಸವನ್ನು ಮಂಜೇಶ್ವರದ ಗೋವಿಂದ ಪೈ 1911ರಲ್ಲಿ ಬಿಟ್ಟರು, ಕಾವ್ಯಕ್ಕೆ ಅದರಿಂದ ಒಳ್ಳೆಯದಾಯಿತು. ಪೈಗಳು ಬಿಟ್ಟದ್ದನ್ನು ರ‍್ಯಾಪಿನವರು ಎತ್ತಿಕೊಂಡರೆ ಈ ಹಾಡುಗಳಿಗೆ ಒಳ್ಳೆಯದಾದೀತು.

ಕಂಸಾಳೆ, ಲಾವಣಿ, ಗೀಗೀ ಪದ ನಮ್ಮಲ್ಲಿ ಆಗಲೇ ಇದ್ದವು, ರ‍್ಯಾಪ್ ನಮಗೆ ಹೊಸದೇನಲ್ಲ ಎಂದು ಎದೆ ತಟ್ಟಿಕೊಳ್ಳುವವರಿದ್ದಾರೆ. ಸೋಮಾರಿ ಮಾತು. ಕಂಸಾಳೆಯವನಿಗೆ ದೀಕ್ಷೆಯಿತ್ತು, ಕೇಳುವ ಒಕ್ಕಲಿತ್ತು, ಹಾಡು ಅವನೊಬ್ಬನ ಸೊತ್ತಾಗಿರಲಿಲ್ಲ. 2020ರಲ್ಲಿ ಚಂದನ್ ಶೆಟ್ಟಿ ಮಾದಪ್ಪ ದೇವರ ಮೇಲಿನ ‘ಕೋಲುಮಂಡೆ’ ಜನಪದ ಹಾಡನ್ನು ರ‍್ಯಾಪ್ ಮಾಡಿದಾಗ ಮಾದಪ್ಪನ ಭಕ್ತರು ಕೆರಳಿದರು, ಗಾಯಕ ಕ್ಷಮೆ ಕೇಳಿದರು. ಸಿಟ್ಟಾದವರೆಲ್ಲ ಕಲಾವಿಮರ್ಶಕರಾಗಿರಲಿಲ್ಲ, ನಿಜ. ಆದರೆ ವಿಡಿಯೊದಲ್ಲಿ ಆ ಕಥೆಯ ಶರಣೆ ಸಂಕಮ್ಮ ಬರಿಯ ಅಲಂಕಾರವಾಗಿಬಿಟ್ಟಳು ಎಂಬ ಆಕ್ಷೇಪದಲ್ಲಿ ತಿರುಳಿತ್ತು. ಪರಂಪರೆಯ ತಾಳ ತೆಗೆದುಕೊಂಡು ಅದರ ಜನರನ್ನು ಬಿಟ್ಟು ಬಂದದ್ದೇ ಅಲ್ಲಿನ ಸೋಲು.

ಬೀದಿಯ ವಿಷಯದಲ್ಲೂ ಹೀಗೇ ಆಗಿದೆ. ವಿಡಿಯೊಗಳಲ್ಲಿ ತಾರಸಿ ಇದೆ, ಬೈಕಿದೆ, ಕೆಂಪು-ಹಳದಿ ಬಾವುಟವಿದೆ, ಬೆಂಗಳೂರಿನ ಹೆಸರು ಪಲ್ಲವಿಗೊಮ್ಮೆ ಬರುತ್ತದೆ. ತಾರಸಿಯ ಕೆಳಗಿನ ಮಹಡಿಯಲ್ಲಿ ಯಾರಿದ್ದಾರೆ ಎಂಬುದು ಮಾತ್ರ ಬರುವುದು ಅಪರೂಪ. ಲೀಸಿಗೆ ಹಾಕಿದ ಹಣ ವಾಪಸು ಬಾರದ ಸಂಸಾರ, ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡಿನಿಂದ ಕೈ ಕಪ್ಪು ಮಾಡಿಕೊಂಡು ಬರುವ ಹುಡುಗ, ಮಳೆ ಬಂದರೆ ವೃಷಭಾವತಿಯ ವಾಸನೆ ಅಡುಗೆಮನೆಗೆ ನುಗ್ಗುವ ಬೀದಿ ಇವೆಲ್ಲ ಹಾಡಾಗಲು ಕಾದಿವೆ. ಬೆಂಗಳೂರಲ್ಲಿ ನೆಲೆನಿಂತ ಹನುಮಾನ್‌ಕೈಂಡ್ 2024ರಲ್ಲಿ ‘ಬಿಗ್ ಡಾಗ್ಸ್’ ಹಾಡಿನಿಂದ ಲೋಕಪ್ರಸಿದ್ಧನಾದದ್ದು ಕೇರಳದ ಪೊನ್ನಾನಿಯ ಮರಣಬಾವಿಯೊಳಗೆ ಚಿತ್ರೀಕರಿಸಿದ ವಿಡಿಯೊದಿಂದ. ದುಂಡು ಗೋಡೆ, ಅದರ ಮೇಲೆ ಅಡ್ಡಡ್ಡ ಓಡುವ ಬೈಕು, ನಡುವೆ ನಿಂತ ಹಾಡುಗಾರ: ಒಂದು ಕಟ್ಟಡವನ್ನು ಹಾಡಿಗೆ ದುಡಿಸುವುದೆಂದರೆ ಅದು. ನಮ್ಮ ಹೊರಗಿನ ಮೆಟ್ಟಿಲಿಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ಬ್ಯಾಸ್ಕೆಟ್‌ಬಾಲ್ ಈ ಮೂವರಲ್ಲಿ ಹೆಚ್ಚು ಮಾತಾಡದ್ದು, ಹೆಚ್ಚು ನಂಬಿಗಸ್ತ. ವೈಎಂಸಿಎ ಮೂಲಕ ಭಾರತಕ್ಕೆ ಬಂದ ಆಟ ನಮ್ಮ ಬಡಾವಣೆಗಳಲ್ಲಿ ಕ್ಲಬ್ಬುಗಳ ಆಟವಾಯಿತು. ಇದರ ಸುತ್ತ ಇರುವ ಕನಸುಗಳು ತೀರ ಮಧ್ಯಮವರ್ಗದವು. ಮಗು ಎತ್ತರ ಬೆಳೆಯಲಿ ಎಂದು ಸೇರಿಸುತ್ತಾರೆ, ಎಂಜಿನಿಯರಿಂಗ್ ಸೀಟಿಗೆ ಕ್ರೀಡಾ ಕೋಟಾ ಸಿಗಲಿ ಎಂದು ಮುಂದುವರಿಸುತ್ತಾರೆ, ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಕೆಲಸ ಸಿಕ್ಕರೆ ಆಟ ಸಾರ್ಥಕ. ಒಳ್ಳೆಯ ತಂಡ ಕಟ್ಟಿದ್ದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದಾಗ ಆ ಏಣಿಯ ಒಂದು ಮೆಟ್ಟಿಲು ಕಳಚಿತು. ಬೆನ್ನ ಮೇಲೆ 23 ಬರೆದ ಫುಟ್‌ಪಾತ್ ಜೆರ್ಸಿ ಬಿಟ್ಟರೆ ಹಿಪ್‌ಹಾಪ್‌ಗೂ ಈ ಲೋಕಕ್ಕೂ ಇಲ್ಲಿ ನಂಟು ಕಡಿಮೆ.

ಹಾಗಿದ್ದರೂ, ಹುಡುಗಿಯರು ಸಂಜೆ ಏಳರ ನಂತರ ಬೀದಿದೀಪದ ಬೆಳಕಲ್ಲಿ ಜೋರಾಗಿ ಕೂಗಾಡಿಕೊಂಡು ಓಡಾಡಬಹುದಾದ ಜಾಗ ಈ ಬಡಾವಣೆಗಳಲ್ಲಿ ಎಷ್ಟಿದೆ? ಕ್ರಿಕೆಟ್ ಮೈದಾನವನ್ನು ಗಂಡಸರು ಹಿಡಿದಿದ್ದಾರೆ, ಪಾರ್ಕನ್ನು ವಾಕಿಂಗಿನವರು. ಹುಡುಗಿಯರಿಗೆ ದಕ್ಕಿದ್ದು ಅಂಕಣ. 2017ರ ಜುಲೈನಲ್ಲಿ ಕಂಠೀರವ ಒಳಾಂಗಣದಲ್ಲಿ ಭಾರತದ ಹೆಂಗಸರು ಕಜಾಕಿಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್ ಬಿ ವಿಭಾಗ ಗೆದ್ದರು. 2019ರಲ್ಲಿ ಬೆಂಗಳೂರಿಗೆ ಏಷ್ಯಾ ಕಪ್‌ನ ಮೇಲಿನ ವಿಭಾಗವೇ ಬಂತು. ಅಂಥ ಗೆಲುವುಗಳ ಬುಡ ಇರುವುದು ಬೆಳಗ್ಗೆ ಆರಕ್ಕೆ ಸ್ಕೂಟರಿನಲ್ಲಿ ಮಗಳನ್ನು ಇಳಿಸಿ ಹೋಗುವ ಇಂಥ ಸಿಮೆಂಟ್ ನೆಲದಲ್ಲಿ.

ಅಂಕಣಕ್ಕೆ ಕುತ್ತು ಬಂದಿರುವುದೂ ಬೀಗದ ರೂಪದಲ್ಲೇ. ಆಟದ ಮೈದಾನಗಳನ್ನು ಕಾಯಲು 1985ರಿಂದ ರಾಜ್ಯದಲ್ಲಿ ಕಾಯ್ದೆಯಿದೆ. ಜಾಗ ಉಳಿಯುತ್ತದೆ, ಆದರೆ ಬೇಲಿ ಎದ್ದು ಕೋಚಿಂಗ್ ಶುಲ್ಕ ಕೊಟ್ಟವರಿಗೆ ಮಾತ್ರ ಬಾಗಿಲು ತೆರೆದರೆ ಉಳಿದೂ ಉಪಯೋಗವಿಲ್ಲ. 2025ರ ಸೆಪ್ಟೆಂಬರಿನಿಂದ ಈ ಭಾಗಕ್ಕೆ ಬೆಂಗಳೂರು ಪಶ್ಚಿಮ ನಗರ ಪಾಲಿಕೆ ಎಂಬ ಹೊಸ ಯಜಮಾನ ಬಂದಿದೆ. ಅದರಲ್ಲಿ ಕೇಳಿಕೊಳ್ಳುವುದು ಇಷ್ಟು: ಇರುವ ಅಂಕಣಗಳನ್ನು ದಿನದಲ್ಲಿ ಕೆಲ ಗಂಟೆಯಾದರೂ ಶುಲ್ಕವಿಲ್ಲದೆ ಎಲ್ಲರಿಗೂ ತೆರೆದಿಡಿ, ರಾತ್ರಿ ಹತ್ತರವರೆಗೆ ದೀಪ ಉರಿಸಿ. ಐದೂವರೆ ಸೈಟು ಸಿಗದ ಕಡೆ ಒಂದೂವರೆ ಸೈಟಿನಲ್ಲಿ ಮೂವರ ಆಟದ ಅರ್ಧ ಅಂಕಣ ಮಾಡಿಕೊಡಿ, ಒಲಿಂಪಿಕ್ಸ್‌ನಲ್ಲೇ ಆಡುವ ಆಟ ಅದು. ಕನ್ನಡ ರ‍್ಯಾಪಿನ ಗೆಳೆಯರಲ್ಲೂ ಒಂದು ಮಾತು: ಒಂದು ಭಾನುವಾರ ಸ್ಟುಡಿಯೊ ಬಿಟ್ಟು ಅಂಥ ಅಂಕಣದ ಪಕ್ಕ ಮೈಕು ಹಾಕಿ. ಕೇಳುವವರು ಮೂರು ಮಹಡಿಯಿಂದಲೂ ಇಳಿದು ಬರುತ್ತಾರೆ.