ನಿಂತ ನೀರಿಗೆ ಸಲ್ಲಬೇಕಾದ ಮನ್ನಣೆ

ಕಯಾಕ್ ಎಂದೊಡನೆ ಕನ್ನಡದ ಓದುಗರಿಗೆ ನೆನಪಾಗುವುದು ದಾಂಡೇಲಿ, ಕಾಳಿ ನದಿ, ಹೆಲ್ಮೆಟ್ಟಿನ ಮೇಲೆ ಸಿಡಿಯುವ ನೊರೆ. ಸೂಪಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಗಣೇಶಗುಡಿಯಲ್ಲಿ ನಡೆಯುವ ರಾಫ್ಟಿಂಗ್ ಸೊಗಸಾದ ಮೋಜು. ಆದರೆ ಅದು ಕಯಾಕಿಂಗ್ ಅಲ್ಲ. ಆ ನೊರೆಯ ಕೀರ್ತಿಯ ಮರೆಯಲ್ಲಿ ಈ ಕ್ರೀಡೆಯ ಅತಿ ಕಠಿಣವಾದ, ಅತಿ ಚೆಲುವಾದ ಶಾಖೆಯೊಂದು ಮಂಕಾಗಿದೆ: ನಿಂತ ನೀರಿನಲ್ಲಿ ಒಂಟಿ ಅಲಗಿನ ಹುಟ್ಟಿನಿಂದ ನಡೆಸುವ ಸ್ಪ್ರಿಂಟ್ ಕೆನೋ. ಬೀದರ್ ಸೀಮೆಯ ಬಸವಕಲ್ಯಾಣ, ಹುಮನಾಬಾದಿನಂಥ ಊರುಗಳ ಪಾಲಿಗೆ ಇದು ಬರೀ ಅಭಿರುಚಿಯ ಪ್ರಶ್ನೆಯಲ್ಲ. ರಭಸದ ನದಿಯಿಲ್ಲದ ಸೀಮೆಗೆ ಈ ಆಟ ಹೇಳಿದ್ದಲ್ಲ ಎಂಬ ತೀರ್ಮಾನ ಹುಟ್ಟುವುದೇ ಆ ಕೀರ್ತಿಯಿಂದ.

ಶಾಖೆಗಳನ್ನು ಬೇಗ ನೋಡಿ ಮುಗಿಸಬಹುದು. ಕಯಾಕ್‌ನಲ್ಲಿ ಕುಳಿತು ಎರಡು ಅಲಗಿನ ಹುಟ್ಟು. ಕೆನೋದಲ್ಲಿ ಮೊಣಕಾಲೂರಿ ಒಂದೇ ಅಲಗಿನ ಹುಟ್ಟು. 1936ರ ಬರ್ಲಿನ್‌ನಲ್ಲೇ ಒಲಿಂಪಿಕ್ಸ್ ಸೇರಿದ ಸ್ಪ್ರಿಂಟ್ ಈಗ 200, 500, 1000 ಮೀಟರುಗಳ ನೇರ ಓಟ. ರಭಸದ ನೀರಿನಲ್ಲಿ ದ್ವಾರಗಳ ನಡುವೆ ನುಸುಳುವ ಸ್ಲಾಲಮ್ 1972ರಲ್ಲಿ ಬಂದು, ಮರೆಯಾಗಿ, 1992ರಲ್ಲಿ ಮರಳಿತು. ತೂಗುಬಿಟ್ಟ ಕೋಲು ತಾಗಿದರೆ 2 ಸೆಕೆಂಡ್, ದ್ವಾರವೇ ತಪ್ಪಿದರೆ 50 ಸೆಕೆಂಡ್ ದಂಡ. ನಾಲ್ವರು ಒಟ್ಟಿಗೆ ಎತ್ತರದಿಂದ ನೀರಿಗೆ ಜಾರಿ ಗುದ್ದಾಡುವ ಕಯಾಕ್ ಕ್ರಾಸ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಹೊಸ ಸೇರ್ಪಡೆ. ಮ್ಯಾರಥಾನ್, ಕೆನೋ ಪೋಲೊ, ಡ್ರ್ಯಾಗನ್ ಬೋಟ್, ಅಂಗವಿಕಲರ ಪ್ಯಾರಾಕೆನೋ ಬೇರೆ ಇವೆ.

ನಿಂತು ನೋಡಬೇಕಾದದ್ದು ಸಿ-1 ಎಂಬ ಒಬ್ಬರ ಕೆನೋವನ್ನು. ಉದ್ದ ಹೆಚ್ಚೆಂದರೆ 5.2 ಮೀಟರ್. ಸ್ಪ್ರಿಂಟ್ ಕಯಾಕ್‌ಗೆ ಕಾಲಿನಿಂದ ತಿರುಗಿಸುವ ಚುಕ್ಕಾಣಿಯುಂಟು; ಕೆನೋಗೆ ಅದು ನಿಷಿದ್ಧ. ಬಲಗಡೆ ಹುಟ್ಟು ಹಾಕುವವರ ಬಲ ಮೊಣಕಾಲು ತಳದ ಮೆತ್ತೆಯ ಮೇಲೆ, ಎಡ ಪಾದ ಮುಂದೆ. ಓಟ ಮುಗಿಯುವವರೆಗೂ ಹುಟ್ಟು ಆ ಬದಿ ಬಿಡುವಂತಿಲ್ಲ. ಹಾಗಾಗಿ ಪ್ರತಿ ಎಳೆತವೂ ದೋಣಿಯ ಮೂತಿಯನ್ನು ಎಡಕ್ಕೆ ತಳ್ಳುತ್ತದೆ. ಅಲಗು ಸೊಂಟದ ಸಮಕ್ಕೆ ಬಂದ ಕ್ಷಣದಲ್ಲಿ ಮಣಿಕಟ್ಟು ಹೊರಳಿ, ನೀರನ್ನು ಚೂರೇ ಚೂರು ಹೊರಕ್ಕೆ ಒತ್ತಿ, ಮೂತಿಯನ್ನು ನೆಟ್ಟಗೆ ಮಾಡಬೇಕು. ಈ ತಿದ್ದುವಿಕೆ ಹೆಚ್ಚಾದರೆ ವೇಗ ಸಾಯುತ್ತದೆ, ಕಡಿಮೆಯಾದರೆ ದೋಣಿ ಪಕ್ಕದ ಪಥಕ್ಕೆ ಹೋಗುತ್ತದೆ. ಹಂಪಿ, ಆನೆಗೊಂದಿಯ ಅಂಬಿಗರು ಹರಿಗೋಲು ಬುಗುರಿಯಂತೆ ಸುತ್ತದಿರಲೆಂದು ಹುಟ್ಟನ್ನು ಮುಂಭಾಗದಲ್ಲೇ ಆಡಿಸುತ್ತಾರಲ್ಲ, ತೊಡಕು ಅದೇ. ಆದರೆ ಅಂಬಿಗರಿಗೆ ಬಿಡುವಿದೆ. ಸ್ಪ್ರಿಂಟ್ ಪಟುವಿಗೆ ನೂಕುವ ಹೊಡೆತದೊಳಗೇ ತಿದ್ದುವ ಹೊಡೆತವನ್ನೂ ಅಡಗಿಸಬೇಕು.

ಇದನ್ನು ‘ಬರೀ ತೋಳ್ಬಲ’ ಎನ್ನುವ ಸಾಹಸ ಬರಹಗಾರರಿದ್ದಾರೆ. ಸ್ಲಾಲಮ್‌ನಲ್ಲಿ ನೀರನ್ನು ಓದುವ ಜಾಣ್ಮೆ ಬೇಕು, ನಿಜ. ಪ್ರವಾಹಕ್ಕೆ ಎದುರಾಗಿ ಕೆಂಪು-ಬಿಳಿ ದ್ವಾರ ಹೊಕ್ಕು ಹೊರಳುವ ಸ್ಲಾಲಮ್ ಪಟು ಜೆಸಿಕಾ ಫಾಕ್ಸ್‌ರ ಕೌಶಲವನ್ನು ಅಲ್ಲಗಳೆಯುವವರಿಲ್ಲ. ಆದರೆ ನೀರು ಸಹಾಯಕ್ಕೂ ಬಾರದ, ನೆಪಕ್ಕೂ ಒದಗದ ಕಡೆ ತಪ್ಪು ಎಲ್ಲಿ ಅಡಗೀತು? ಕೆನೋ ಕುರಿತ ಪಂಡಿತರ ಅಳತೆ ಹಿಂದೆಯೂ ತಪ್ಪಿದೆ. ಒಂದೇ ಬದಿಯ ಹುಟ್ಟು ಹೆಣ್ಣಿನ ದೇಹಕ್ಕೆ ಒಗ್ಗದು ಎಂಬ ವಾದ ಬಹುಕಾಲ ಬದುಕಿತ್ತು. 1948ರಲ್ಲೇ ಮಹಿಳೆಯರಿಗೆ ಒಲಿಂಪಿಕ್ ಕಯಾಕ್ ಸಿಕ್ಕಿದ್ದರೂ ಕೆನೋ ಸಿಕ್ಕಿದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. ಅಲ್ಲಿ 19ರ ಹರೆಯದ ಅಮೆರಿಕದ ನೆವಿನ್ ಹ್ಯಾರಿಸನ್ 200 ಮೀಟರ್ ಚಿನ್ನ ಗೆದ್ದು ಆ ವಾದವನ್ನು ಮುಗಿಸಿದರು.

ಭಾರತದ ಲೆಕ್ಕ ನೋಡಿದರೂ ನೊರೆಯ ಪಕ್ಷ ಸೋಲುತ್ತದೆ. 1994ರ ಹಿರೋಶಿಮಾ ಏಷ್ಯನ್ ಕ್ರೀಡಾಕೂಟದ ಕಂಚು, 2023ರ ಹಾಂಗ್‌ಝೌನಲ್ಲಿ ಅರ್ಜುನ್ ಸಿಂಗ್ ಮತ್ತು ಸುನಿಲ್ ಸಿಂಗ್ ಗೆದ್ದ ಕಂಚು, ಎರಡೂ ಇಬ್ಬರ ಕೆನೋದ 1000 ಮೀಟರಿನವು, ಅಂದರೆ ನಿಂತ ನೀರಿನವು. ಭೋಪಾಲದ ಕೆರೆಯಲ್ಲಿ ಪಳಗಿದ ಪ್ರಾಚಿ ಯಾದವ್ ಟೋಕಿಯೊ ಪ್ಯಾರಾಲಿಂಪಿಕ್ಸ್‌ನ ಫೈನಲ್ ತಲುಪಿದ್ದು ಒಂಟಿ ಅಲಗಿನ ವಾಆ ದೋಣಿಯಲ್ಲಿ. ಹೊರದೇಶದ ಸಾಕ್ಷಿಯೂ ಇದನ್ನೇ ಹೇಳುತ್ತದೆ: ಬ್ರೆಜಿಲ್‌ನ ಇಸಾಕಿಯಾಸ್ ಕ್ವೇರೊಜ್ ಉಬೈತಾಬಾ ಎಂಬ ಪುಟ್ಟ ನದಿಯೂರಿನವರು. ಬಾಲ್ಯದಲ್ಲೇ ಒಂದು ಮೂತ್ರಪಿಂಡ ಕಳೆದುಕೊಂಡವರು. 2016ರ ರಿಯೊ ಒಲಿಂಪಿಕ್ಸ್ ಒಂದರಲ್ಲೇ ಕೆನೋದಲ್ಲಿ ಮೂರು ಪದಕ ಗೆದ್ದರು.

ಅಂಥ ನಿಂತ ನೀರು ಇಲ್ಲೂ ಉಂಟು: ಬಸವಕಲ್ಯಾಣದಲ್ಲಿ ತ್ರಿಪುರಾಂತ ಕೆರೆಯಿದೆ, ತಾಲ್ಲೂಕಿನಲ್ಲಿ ಚುಳಕಿನಾಲಾ ಜಲಾಶಯವಿದೆ. ಹುಮನಾಬಾದಿಗೆ ಕಾರಂಜಾ ಜಲಾಶಯ ದೂರವಲ್ಲ. ಬೀದರ್ ಸೀಮೆಯ ಬರ, ಬೇಸಿಗೆಯಲ್ಲಿ ಇಳಿಯುವ ನೀರು ದೊಡ್ಡ ತೊಡಕೇ. ಒಂದೇ ಬದಿಗೆ ದುಡಿಯುವ ಬೆನ್ನು ನೋಯದಂತೆ ಕಾಯುವ ತರಬೇತುದಾರರೂ ಬೇಕು, ಈಜು ಬಾರದ ಮಕ್ಕಳಿಗೆ ಮೊದಲು ಈಜು ಕಲಿಸಬೇಕು. ಆದರೆ ದೋಣಿಗೆ ಮೋಟಾರಿಲ್ಲ, ಹಾಗಾಗಿ ಕೆರೆಗೆ ಎಣ್ಣೆ ಸೋರುವ ಭಯವಿಲ್ಲ. ಕಲಿಕೆಗೆ ಇನ್ನೂರು ಮೀಟರ್ ನೇರ ನೀರು ಸಾಕು. ಜಲಕ್ರೀಡೆಯ ಹೆಸರಿನಲ್ಲಿ ಇಲ್ಲಿ ಹಣ ಖರ್ಚಾಗುವುದಾದರೆ, ಪೆಡಲ್ ಬೋಟಿಗಿಂತ ಮೊದಲು ನಾಲ್ಕು ಕೆನೋ, ಎಲ್ಲರಿಗೂ ಲೈಫ್ ಜಾಕೆಟ್, ಒಬ್ಬ ಒಳ್ಳೆಯ ಗುರು ಬರಬೇಕು.