ಹಂಚಿನ ಮಾಡಿನಡಿ ಮೀನೂಟ

ಮಂಗಳೂರಿನ ಬಂದರಿನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಹೊರಟರೆ ಹೋಟೆಲಿನ ಬೋರ್ಡು ಹುಡುಕಬೇಕಾಗಿಲ್ಲ. ಕಾದ ಕಾವಲಿಗೆ ಬಂಗುಡೆ ಬಿದ್ದಾಗ ಏಳುವ ಘಾಟೇ ದಾರಿ ತೋರಿಸುತ್ತದೆ. ಅಲ್ಲಿ ಹಳೆಯ ಹಂಚಿನ ಮಾಡು ಇನ್ನೂ ಉಳಿದಿರುವ ಮೀನೂಟದ ಹೋಟೆಲೆಂದರೆ ನನಗೆ ಪ್ರಾಣ.

ಕುಚ್ಚಲಕ್ಕಿ ಅನ್ನ, ಮೇಲೆ ಬಿಸಿ ಮೀನುಸಾರು, ಬದಿಗೆ ಪಲ್ಯ, ಉಪ್ಪಿನಕಾಯಿ. "ಎಂತ ಬೇಕು? ಕಾಣೆ ಉಂಟು, ಅಂಜಲ್ ಉಂಟು, ನಂಗ್ ಉಂಟು." ಅಂಜಲ್ ದೊಡ್ಡಸ್ತಿಕೆಯ ಮೀನು, ಕಾಣೆ ನಾಜೂಕಿನದು. ನನ್ನ ಮನಸ್ಸು ಮಾತ್ರ ಬಂಗುಡೆಗೇ ಹೋಗುತ್ತದೆ. ಅದರ ಮೈಯಲ್ಲೇ ಎಣ್ಣೆಯಿದೆ. ಪಕ್ಕೆಗೆ ಕೊಟ್ಟ ಕಚ್ಚುಗಳೊಳಗೆ ಬ್ಯಾಡಗಿ ಮೆಣಸು, ಹುಣಸೆ, ಬೆಳ್ಳುಳ್ಳಿಯ ಮಸಾಲೆ ಇಳಿದು ಅಂಚು ಕರುಕಲಾಗಿರುತ್ತದೆ, ಒಳಗೆ ಮಾಂಸ ಬೆಳ್ಳಗೆ, ತೇವವಾಗಿ. ಬಾಲದ ಕಡೆಯಿಂದ ನಡುಮುಳ್ಳನ್ನು ಮೆಲ್ಲಗೆ ಎತ್ತಿದರೆ ಅದು ಬಾಚಣಿಗೆಯಂತೆ ಇಡಿಯಾಗಿ ಬಿಡಿಸಿಕೊಂಡು ಬರಬೇಕು. ಬಂತೆಂದರೆ ಅಡುಗೆಯವರ ಕೈ ಪಳಗಿದ್ದು.

ತಲೆಯೆತ್ತಿದರೆ ಹೊಗೆ ಹಿಡಿದು ಕಪ್ಪಾದ ಹಂಚುಗಳು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮಿಷನ್ನಿನ ಕೇಂದ್ರ ಸ್ವಿಟ್ಜರ್ಲೆಂಡಿನದು, ಬಂದವರಲ್ಲಿ ಜರ್ಮನರೇ ಹೆಚ್ಚು. ನಮ್ಮೂರಿಗೆ ಅವರಿಂದ ದಕ್ಕಿದ್ದು ಮುದ್ರಣಾಲಯ, ನಿಘಂಟು, ಮತ್ತೆ ಈ ಮಾಡು. 1865ರಲ್ಲಿ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಒಂದು ಹಂಚಿನ ತೋಡಿಗೆ ಇನ್ನೊಂದರ ಅಂಚು ಕೂರುವುದರಿಂದ ಆಷಾಢದ ಮಳೆಯೂ ಒಳಗಿಳಿಯುವುದಿಲ್ಲ, ಅಡುಗೆಮನೆಯ ಹೊಗೆ ಮಾತ್ರ ಸಂದಿಗಳಲ್ಲಿ ಮೆಲ್ಲಗೆ ಆಚೆ ಹೋಗುತ್ತದೆ. ಈ ಜಾಣತನಕ್ಕೆ ನಾನು ಎಷ್ಟು ಸಲ ಮನಸೋತಿದ್ದೇನೋ!

ಆ ಹಂಚಿನ ಆವೆಮಣ್ಣು ನೇತ್ರಾವತಿ, ಗುರುಪುರ ಹೊಳೆಗಳ ದಡದ್ದು. ಅವೆರಡೂ ಸಮುದ್ರ ಸೇರುವ ಅಳಿವೆಯಿಂದಲೇ ಬೋಟುಗಳು ಒಳಬಂದು ಧಕ್ಕೆಯಲ್ಲಿ ಬಂಗುಡೆ ಇಳಿಸುತ್ತವೆ. ತಲೆಯ ಮೇಲಿನದೂ ತಟ್ಟೆಯೊಳಗಿನದೂ ಒಂದೇ ನೀರಿನ ಕೊಡುಗೆ ಅನ್ನುವುದು ನನಗೆ ಹೊಳೆದದ್ದು ಇಲ್ಲೇ, ಸಾರಿಗೆ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವಾಗ.

ಜೂನ್, ಜುಲೈಯಲ್ಲಿ ಬೋಟುಗಳು ಕಡಲಿಗಿಳಿಯುವುದಿಲ್ಲ. ಆಗ ಒಣಮೀನಿನ ಚಟ್ನಿಗೆ ಗಂಜಿ, ಮಾಡಿನ ಮೇಲೆ ಮಳೆಯ ಸದ್ದು. ಇವತ್ತು ಬಿಸಿಲಿದೆ. ನಡುವೆ ಕೂರಿಸಿದ ಒಂದೇ ಒಂದು ಗಾಜಿನ ಹಂಚಿನಿಂದ ಬೆಳಕಿನ ತುಂಡೊಂದು ಮೇಜಿನ ಮೇಲೆ ಬಿದ್ದು, ಮೆಲ್ಲನೆ ಸರಿದು, ನನ್ನ ತಟ್ಟೆಯಲ್ಲಿ ಉಳಿದ ಮುಳ್ಳನ್ನು ಮುಟ್ಟಿದೆ.